ಹೀರೋ ಕೊಟ್ಟ ಕೈತುತ್ತು, ನನಗೆ ತಂತು ಕುತ್ತು!

ಗೋಡೆಗೆ ಪೋಸ್ಟರು ಅಂಟಿಸಿದ್ದೀರಾ, ಗೆಳೆಯರೇ? ನಾನು ಅಂಟಿಸಿದ್ದೇನೆ. ಮದ್ದೂರಿನಲ್ಲಿ ಹೈಸ್ಕೂಲು ಓದುತ್ತಿದ್ದ ಕಾಲ. ನಮ್ಮ ಹೀರೋನ ಚಿತ್ರ ಬಿಡುಗಡೆ ಅಂದರೆ ಹಿಂದಿನ ರಾತ್ರಿ ನಿದ್ದೆ ಇಲ್ಲ. ಬಕೀಟಿನ ತುಂಬ ಮೈದಾ ಕಾಯಿಸಿದ ಅಂಟು, ಕೈಯಲ್ಲಿ ಪೊರಕೆ, ಹೆಗಲ ಮೇಲೆ ಸುರುಳಿ ಸುತ್ತಿದ ಪೋಸ್ಟರುಗಳು. ಬೆಳಗಾಗುವಷ್ಟರಲ್ಲಿ ಊರ ದನಗಳು ಮೈದಾ ರುಚಿಗೆ ಹೀರೋನ ಅರ್ಧ ಮುಖ ತಿಂದು ಹಾಕಿರುತ್ತಿದ್ದವು. ಆ ದನಗಳ ಮೇಲೆ ಬರುತ್ತಿದ್ದಷ್ಟು ಸಿಟ್ಟು ಚಿತ್ರದ ಖಳನಾಯಕನ ಮೇಲೂ ಬರುತ್ತಿರಲಿಲ್ಲ!

ನನ್ನ ಬದುಕಿನ ಅಸಲಿ ಖಳನಾಯಕ ಆ ಬಕೀಟಿನೊಳಗೇ ಕೂತಿದ್ದಾನೆ ಅಂತ ಆಗ ನನಗೆ ಗೊತ್ತಿರಲಿಲ್ಲ.

ಹೌದು, ಮೈದಾ. ಅದರ ಅಪ್ಪ ಗೋಧಿ. ಒಡಹುಟ್ಟಿದವರು ರವೆ, ಶ್ಯಾವಿಗೆ, ಬ್ರೆಡ್ಡು, ಬಿಸ್ಕತ್ತು. ದಾಯಾದಿ ಬಾರ್ಲಿ. ಈ ಮನೆತನದವರು ಯಾರೂ ನನ್ನ ತಟ್ಟೆಗೆ ಬರುವಂತಿಲ್ಲ. ಐದು ವರ್ಷವಾಯಿತು. ಸಾಯುವ ತನಕ ಹೀಗೇ.

ಪಿ.ಯು.ಸಿ. ಎರಡನೇ ವರ್ಷಕ್ಕೆ ನಾನು ಕಾಲೇಜು ಬಿಟ್ಟೆ. "ಸಿನಿಮಾ ಹುಚ್ಚು ಹಿಡಿದು ಹಾಳಾದ" ಅಂತ ಊರವರು ಆಡಿಕೊಂಡರು. ಹುಚ್ಚು ಇದ್ದದ್ದು ನಿಜ, ಈಗಲೂ ಇದೆ. ಆದರೆ ಕಾಲೇಜು ಬಿಟ್ಟದ್ದು ಅದಕ್ಕಲ್ಲ. ಕ್ಲಾಸಿನಲ್ಲಿ ಅರ್ಧ ಗಂಟೆ ಕೂರಲು ಹೊಟ್ಟೆ ಬಿಡುತ್ತಿರಲಿಲ್ಲ. ಭೇದಿ, ಉಬ್ಬರ, ಮೈಯೆಲ್ಲ ಸುಸ್ತು. ತೂಕ 42 ಕಿಲೋ. ಬಾಲ್ಕನಿ ಮೆಟ್ಟಿಲು ಹತ್ತಿದರೆ ಏದುಸಿರು. ಒಬ್ಬ ಡಾಕ್ಟರು ಹುಳು ಅಂದರು. ಇನ್ನೊಬ್ಬರು ಟಿ.ಬಿ. ಇರಬಹುದು ಅಂದರು. ರಕ್ತ ಕಡಿಮೆ ಅಂತ ಡಬ್ಬಿಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿದೆ, ರಕ್ತ ಏರಲಿಲ್ಲ. ಪಕ್ಕದ ಮನೆಯ ಅಜ್ಜಿ "ಹೈದನಿಗೆ ಲವ್ವು ಫೇಲಾಗೈತೆ" ಅಂತ ತೀರ್ಪು ಕೊಟ್ಟೇಬಿಟ್ಟಳು. ಲವ್ವು ಮಾಡಲು ಮೊದಲು ಮನೆಯಿಂದ ಹೊರಗೆ ಬರಬೇಕಲ್ಲ ಸ್ವಾಮಿ!

ಕಾಯಿಲೆಯ ಮಗ ಅಂತ ಅವ್ವ ಪ್ರೀತಿಯಿಂದ ಏನು ಕೊಟ್ಟಳು ಗೊತ್ತೇ? ಹಾಲು ಬ್ರೆಡ್ಡು. ರಸ್ಕು. ಬಾರ್ಲಿ ನೀರು. ಶಕ್ತಿ ಬರಲಿ ಅಂತ ಸಾಲ ಮಾಡಿ ತಂದ ಮಾಲ್ಟ್ ಪುಡಿ. ಒಂದೊಂದು ಲೋಟವೂ ನನ್ನ ಕರುಳಿಗೆ ಒಂದೊಂದು ಏಟು. ಈಗ ಆ ಮಾತು ತೆಗೆದರೆ ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಾಳೆ. ಅದಕ್ಕೇ ನಾನು ಮನೆಯಲ್ಲಿ ಆ ಮಾತು ತೆಗೆಯುವುದಿಲ್ಲ. ಇಲ್ಲಿ ಬರೆದಿದ್ದೇನೆ, ಅವ್ವ ಓದುವುದಿಲ್ಲ ಎಂಬ ಧೈರ್ಯದಿಂದ.

ನನಗೆ ಇಪ್ಪತ್ಮೂರು ತುಂಬಿದ ಮೇಲೆ ಬೆಂಗಳೂರಿನ ಒಬ್ಬ ಡಾಕ್ಟರು, ನಾಲಿಗೆ ನೋಡುವ ಮುಂಚೆಯೇ, "ದಿನಾ ಏನೇನು ತಿಂತೀಯಪ್ಪಾ?" ಅಂತ ಕೇಳಿದರು. ಆ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ರಕ್ತ ಪರೀಕ್ಷೆ ಆಯಿತು. ಆಮೇಲೆ ಬಾಯಿಯಿಂದ ಕೊಳವೆ ಇಳಿಸಿ ಸಣ್ಣ ಕರುಳಿನ ಚೂರು ತೆಗೆದು ನೋಡಿದರು. ಕಾಯಿಲೆಯ ಹೆಸರು ಸೀಲಿಯಾಕ್.

ಬೌನ್ಸರ್‌ಗಳ ಏಟು

ಅದೇನಪ್ಪಾ ಅಂದರೆ, ಗೋಧಿ, ಬಾರ್ಲಿ, ರೈ ಎಂಬ ಕಾಳುಗಳಲ್ಲಿ ಗ್ಲುಟನ್ ಅಂತ ಒಂದು ಪ್ರೋಟೀನು ಇದೆ. ಚಪಾತಿ ಹಿಟ್ಟು ಎಳೆದರೆ ರಬ್ಬರಿನಂತೆ ಬರುವುದು ಅದರ ದೆಸೆಯಿಂದ. ಪೋಸ್ಟರಿನ ಅಂಟಿನಲ್ಲೂ ಅದು ಇದ್ದೇ ಇರುತ್ತದೆ. ನಮ್ಮ ಸಣ್ಣ ಕರುಳಿನ ಒಳಗೋಡೆ ಮಖಮಲ್ಲಿನ ಹಾಗೆ, ತುಂಬ ಸಣ್ಣ ಸಣ್ಣ ಎಳೆಗಳು. ಊಟದ ಸಾರ ಹೀರುವುದು ಅವೇ. ನನ್ನಂಥವನ ಹೊಟ್ಟೆಗೆ ಗ್ಲುಟನ್ ಇಳಿದರೆ ಮೈಯನ್ನು ಕಾಯಬೇಕಾದ ಪಡೆಯೇ ತಲೆಕೆಟ್ಟು ಆ ಎಳೆಗಳನ್ನು ಬಡಿದು ನೆಲಸಮ ಮಾಡುತ್ತದೆ. ಹೀರೋನನ್ನು ಕಾಯಲು ನಿಂತ ಬೌನ್ಸರ್‌ಗಳು ಹಾರ ತಂದ ಅಭಿಮಾನಿಗಳಿಗೇ ಬಾರಿಸಿದ ಹಾಗೆ! ಆಮೇಲೆ ಏನು ತಿಂದರೂ ಮೈಗೆ ಹತ್ತುವುದಿಲ್ಲ. ಮಾತ್ರೆ ಇಲ್ಲ, ಆಪರೇಷನ್ ಇಲ್ಲ. ಗೋಧಿ ಬಿಡಬೇಕು, ಅಷ್ಟೇ. ಬಿಟ್ಟರೆ ಎಳೆಗಳು ಮತ್ತೆ ಚಿಗುರುತ್ತವೆ. ನಾನೀಗ 61 ಕಿಲೋ.

ಇದು ಪಂಜಾಬು, ದೆಹಲಿ ಕಡೆ ಅಪರೂಪವೇನಲ್ಲ. 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆಯ ಪ್ರಕಾರ ಉತ್ತರ ಭಾರತದಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಇದೆ. ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರಿಗೆ. ಅದಕ್ಕೇ ನಮ್ಮ ಕಡೆ ಯಾರಿಗೂ ಚಟ್ಟನೆ ಹೊಳೆಯುವುದಿಲ್ಲ. ಸಾವಿರಕ್ಕೊಬ್ಬ ಅಂದಾಗ ನಾನು ಲೆಕ್ಕ ಹಾಕಿದೆ: ಒಂದು ಹೌಸ್‌ಫುಲ್ ಥಿಯೇಟರಿಗೆ ಹೆಚ್ಚುಕಡಿಮೆ ಒಬ್ಬ. ಆ ಸೀಟು ನನ್ನದು.

ಇದನ್ನು ಪತ್ತೆ ಮಾಡಿದವರ ಕಥೆ ಸಿನಿಮಾಕ್ಕೆ ಹೇಳಿ ಮಾಡಿಸಿದಂತಿದೆ. ನೆದರ್ಲೆಂಡಿನ ಮಕ್ಕಳ ಡಾಕ್ಟರು, ವಿಲೆಮ್ ಡಿಕೆ. ಗೋಧಿಯ ಮೇಲೆ ಅವರಿಗೆ ಮೊದಲೇ ಗುಮಾನಿ. 1944-45ರ ಚಳಿಗಾಲ, ಎರಡನೇ ಮಹಾಯುದ್ಧ, ಊರಿಗೆ ಊರೇ ಉಪವಾಸ, ಬ್ರೆಡ್ಡು ಸಿಗುವುದಿಲ್ಲ. ಎಲ್ಲರೂ ಸೊರಗುತ್ತಿದ್ದರೆ ಈ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡವು! ಬ್ರೆಡ್ಡು ವಾಪಸು ಬಂತು, ಕಾಯಿಲೆಯೂ ವಾಪಸು ಬಂತು. 1950ರಲ್ಲಿ ಅವರು ಪ್ರಬಂಧ ಬರೆದು ಸಾಧಿಸಿದರು. ತಮಾಷೆ ನೋಡಿ, ಅದೇ ಯುದ್ಧದಲ್ಲಿ ನಮ್ಮ ಬೆಂಗಳೂರಿನಲ್ಲಿ ಅಕ್ಕಿಗೆ ಬರ ಬಂದು ಎಂ.ಟಿ.ಆರ್.ನವರು ರವೆ ಇಡ್ಲಿ ಕಂಡುಹಿಡಿದರಂತೆ. ಅಲ್ಲಿ ಗೋಧಿ ಹೋಗಿ ಮಕ್ಕಳು ಬದುಕಿದವು, ಇಲ್ಲಿ ಗೋಧಿ ಇಡ್ಲಿಗೇ ಹೊಕ್ಕಿತು!

ತಿನ್ನೋದೇನು ಮತ್ತೆ?

ಎಲ್ಲರೂ ಕೇಳುವ ಪ್ರಶ್ನೆ. ಮಂಡ್ಯ ಸೀಮೆಯಲ್ಲಿ ಹುಟ್ಟಿದವನಿಗೆ ಈ ಪ್ರಶ್ನೆಯೇ? ರಾಗಿ ಮುದ್ದೆ, ಅನ್ನ, ಸೊಪ್ಪಿನ ಸಾರು, ಅಕ್ಕಿ ರೊಟ್ಟಿ, ನಾಟಿ ಕೋಳಿ, ಅವಲಕ್ಕಿ, ಮಂಡಕ್ಕಿ. ಉತ್ತರ ಕರ್ನಾಟಕಕ್ಕೆ ಹೋದರೆ ಜೋಳದ ರೊಟ್ಟಿ. ಯಾವುದರಲ್ಲೂ ಗ್ಲುಟನ್ ಇಲ್ಲ. ಮೈಸೂರು ಪಾಕು ಕಡಲೆ ಹಿಟ್ಟಿನದು, ಬಚಾವು. ಆದರೆ ನಮ್ಮೂರಿನ ಹೆಮ್ಮೆ ಮದ್ದೂರು ವಡೆ ಇದೆಯಲ್ಲ, ಅದರಲ್ಲಿ ಅಕ್ಕಿ ಹಿಟ್ಟಿನ ಜೊತೆ ಮೈದಾನೂ ಉಂಟು, ಚಿರೋಟಿ ರವೆಯೂ ಉಂಟು. ರೈಲು ಮದ್ದೂರಿಗೆ ಬಂದ ಕೂಡಲೇ ಎಲ್ಲರೂ ಕಿಟಕಿಗೆ ಬಾಗುತ್ತಾರೆ. ನಾನು ಆ ಕಡೆಯ ಕಿಟಕಿ ನೋಡುತ್ತೇನೆ. ಊರಿನವನಿಗೇ ಊರಿನ ವಡೆ ಇಲ್ಲ!

ಕಣ್ಣಿಗೆ ಕಾಣುವ ಗೋಧಿ ಬಿಡುವುದು ಸುಲಭ. ವೇಷ ಹಾಕಿಕೊಂಡು ಬರುವ ಗೋಧಿಯದೇ ಕಷ್ಟ. ಕಟ್ಟಿ ಇಂಗು ತಗೊಳ್ಳಿ, ಸಾಮಾನ್ಯವಾಗಿ ಅದಕ್ಕೆ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಅಲ್ಲಿಗೆ ಹೋಟೆಲ್ ಸಾಂಬಾರು ಕಥೆ ಮುಗೀತು. ಗೋಬಿ ಮಂಚೂರಿಯಲ್ಲಿ ಮೈದಾ ಹಿಟ್ಟು. ಮೈದಾ ಬೇಡ ಅಂದರೂ ಸೋಯಾ ಸಾಸಿನಲ್ಲಿ ಗೋಧಿ. ಬಿಯರು ಬಾರ್ಲಿಯದು. ಖಾಲಿ ದೋಸೆ ಒಳ್ಳೆಯದೇ, ಆದರೆ ಅದೇ ಕಲ್ಲಿನ ಮೇಲೆ ಆಗತಾನೇ ರವೆ ದೋಸೆ ಹೊಯ್ದಿರುತ್ತಾರೆ. ಬ್ರೆಡ್ಡಿನ ಒಂದು ಚೂರು ಬಿದ್ದರೂ ನನ್ನ ಬೌನ್ಸರ್‌ಗಳು ಎದ್ದು ಕೂರುತ್ತಾರೆ. 1925ರ 'ದಿ ಗೋಲ್ಡ್ ರಷ್' ಚಿತ್ರದಲ್ಲಿ ಚಾರ್ಲಿ ಚಾಪ್ಲಿನ್ ಬೂಟು ಬೇಯಿಸಿ ತಿನ್ನುತ್ತಾನಲ್ಲ, ಅದು ಲಿಕರಿಸ್ ಮಿಠಾಯಿಯ ಬೂಟು. ಆ ಮಿಠಾಯಿಗೂ ಬಹಳ ಮಟ್ಟಿಗೆ ಗೋಧಿ ಹಿಟ್ಟು ಹಾಕುತ್ತಾರೆ. ಅಂದರೆ, ಚಾಪ್ಲಿನ್ ತಿಂದ ಬೂಟು ಕೂಡ ನನ್ನ ಹಣೆಯಲ್ಲಿ ಬರೆದಿಲ್ಲ!

ರಾಗಿಯೂ ಸುಮ್ಮನೆ ಬರುವುದಿಲ್ಲ. ಮಿಲ್ಲಿನಲ್ಲಿ ಒಂದೇ ಕಲ್ಲು. ನಮ್ಮ ಮುಂದಿನವರು ಗೋಧಿ ಹಾಕಿಸಿದ್ದರೆ ನಮ್ಮ ಹಿಟ್ಟಿಗೂ ಅದು ಸೇರಿತು. ಅವ್ವ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ, ಮಿಲ್ಲಿನವನಿಂದ ಗುಡಿಸಿ ಒರೆಸಿಸಿ, ಮೊದಲು ಒಂದು ಸೇರು ನುಚ್ಚಕ್ಕಿ ಬೀಸಿಸಿ ಆ ಹಿಟ್ಟು ದನಕ್ಕೆ ಎತ್ತಿಟ್ಟು, ಆಮೇಲೆ ರಾಗಿ ಸುರಿಯುತ್ತಾಳೆ. ಮೊದಮೊದಲು ಆತ ಗೊಣಗಿದ. ಈಗ ಅವ್ವನ ತಲೆ ಕಂಡರೆ ಅವನೇ ಪೊರಕೆ ಎತ್ತಿಕೊಳ್ಳುತ್ತಾನೆ. ಪೇಟೆಯಲ್ಲಿ 'ಗ್ಲುಟನ್ ಫ್ರೀ' ಅಂತ ಅಚ್ಚು ಹಾಕಿದ ಪೊಟ್ಟಣಗಳಿವೆ. ಕಿಲೋಗೆ 20 ಮಿಲಿಗ್ರಾಂ ದಾಟಬಾರದು ಅಂತ ಕಾನೂನು. ಬೆಲೆ ನೋಡಿದರೆ ಹೊಟ್ಟೆನೋವು ತಿನ್ನುವ ಮೊದಲೇ ಬರುತ್ತದೆ.

ಈಗ ಸಿಕ್ಸ್‌ಪ್ಯಾಕಿಗೆ ಅಂತ ಗೋಧಿ ಬಿಡುವ ನಟರೂ ಇದ್ದಾರೆ. ಬಿಡಲಿ, ಅವರಿಷ್ಟ. ಆದರೆ ಅವರು ಭಾನುವಾರ ಒಂದು ದಿನ ಪರೋಟ ತಿಂದು, "ಇವತ್ತು ಚೀಟ್ ಡೇ" ಅಂತ ನಗುತ್ತಾರೆ. ಅದನ್ನು ಕಂಡ ಸೆಟ್ಟಿನ ಹುಡುಗರು ನನಗೂ "ಒಂದಿನ ತಿಂದ್ರೆ ಸಾಯ್ತೀರಾ ಅಣ್ಣ?" ಅನ್ನುತ್ತಾರೆ. ಇಲ್ಲ, ಸಾಯುವುದಿಲ್ಲ. ಅದೇ ತೊಂದರೆ. ಸಾಯುವಂತಿದ್ದರೆ ನಂಬುತ್ತಿದ್ದರು.

ಆ ಯುಗಾದಿ

ಮೂರು ವರ್ಷದ ಹಿಂದಿನ ಮಾತು. ಮಲೆನಾಡಿನಲ್ಲಿ ಹೊರಾಂಗಣ ಚಿತ್ರೀಕರಣ. ಒಂದು ಪತ್ರಿಕೆಗೆ ಸೆಟ್ಟಿನ ವರದಿ ಬರೆಯಲು ಹೋಗಿದ್ದೆ. ಮಾರನೇ ದಿನ ಬೆಳಿಗ್ಗೆ ಆರಕ್ಕೆ ಒಬ್ಬ ಹಿರಿಯ ಸ್ಟಂಟ್ ಮಾಸ್ಟರ ಸಂದರ್ಶನ ಗೊತ್ತಾಗಿತ್ತು. ಯಾರ ಹತ್ತಿರವೂ ಬಾಯಿಬಿಡದ ಮನುಷ್ಯ, ನನಗೆ ಒಪ್ಪಿದ್ದರು. ಅದು ಸಿಕ್ಕಿದ್ದರೆ ನನ್ನ ಹೆಸರು ಮುಖಪುಟಕ್ಕೆ.

ಅವತ್ತು ಯುಗಾದಿ. ಸೆಟ್ಟಿನವರಿಗೆಲ್ಲ ಹೋಳಿಗೆ ಊಟ. ಹೀರೋ (ಹೆಸರು ಬೇಡ, ಒಳ್ಳೆಯ ಮನುಷ್ಯ, ತಪ್ಪು ಅವರದಲ್ಲ) ಪಂಕ್ತಿಯುದ್ದಕ್ಕೂ ತಾವೇ ಬಡಿಸುತ್ತ ಬಂದರು. ನನ್ನ ಎಲೆಯಲ್ಲಿ ಬರೀ ಅನ್ನ, ಮೊಸರು. "ಯಾಕ್ರೀ ಪತ್ರಕರ್ತರೇ, ನಮ್ಮ ಹೋಳಿಗೆ ಮೇಲೆ ಕೋಪಾನಾ?" ಅಂತ ನಕ್ಕು, ತುಪ್ಪದಲ್ಲಿ ಅದ್ದಿದ ಹೋಳಿಗೆ ಮುರಿದು ನನ್ನ ಬಾಯಿಯ ಹತ್ತಿರ ಹಿಡಿದೇಬಿಟ್ಟರು. ಇನ್ನೂರು ಜನ ನೋಡುತ್ತಿದ್ದಾರೆ. ಹುಡುಗನಾಗಿದ್ದಾಗ ಯಾರ ಪೋಸ್ಟರು ಅಂಟಿಸಿದ್ದೆನೋ ಆ ಕೈ! ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಬಾಯಿ ತೆಗೆದೆ.

ರುಚಿ ಸುಳ್ಳು ಹೇಳುವುದಿಲ್ಲ, ಅದ್ಭುತವಾಗಿತ್ತು.

ರಾತ್ರಿ ಹತ್ತಕ್ಕೆ ಶುರುವಾಯಿತು. ಅದನ್ನು ವರ್ಣಿಸುವುದು ಬೇಡ. ಬೆಳಿಗ್ಗೆ ಆರಕ್ಕೆ ನಾನು ಲಾಡ್ಜಿನ ಬಚ್ಚಲ ನೆಲದ ಮೇಲಿದ್ದೆ. ಮಾಸ್ಟರು ಅರ್ಧ ಗಂಟೆ ಕಾದು ಎದ್ದು ಹೋದರು. ಫೋನು ಮಾಡಿ ಕ್ಷಮೆ ಕೇಳಿದೆ. "ಕುಡಿದು ಮಲಗಿದ್ದಿರಂತೆ" ಅಂದರು! ಯಾರೋ ಹಾಗೆ ಹಚ್ಚಿಕೊಟ್ಟಿದ್ದರು. ಪತ್ರಿಕೆಯವರೂ ಅದನ್ನೇ ನಂಬಿ ನಾಲ್ಕು ತಿಂಗಳು ಕೆಲಸ ಕೊಡಲಿಲ್ಲ. ಹೋಳಿಗೆ ತಿಂದು ಹೀಗಾಯಿತು ಅಂದರೆ ಯಾರು ನಂಬುತ್ತಾರೆ ಹೇಳಿ?

ನಂಬಿದವರು ಒಬ್ಬರೇ, ಆ ಯೂನಿಟ್ಟಿನ ಅಡುಗೆಯ ರಾಮಣ್ಣ. ವಿಷಯ ಕೇಳಿ ಕೋಣೆಗೇ ಬಂದು, "ಮೊದ್ಲೇ ನಂಗ್ ಒಂದ್ ಮಾತು ಹೇಳಬಾರ್ದಾ ಸಾರ್? ನಾ ಮಾಡಿದ್ ಊಟ ನಿಮ್ಮನ್ನ ಮಲಗಿಸ್ತು ಅಂದ್ರೆ ನಂಗ್ ನಿದ್ದೆ ಬತ್ತದಾ?" ಅಂದರು. ಗಂಜಿ ಕಾಸಿ ತಂದಿದ್ದರು, ಹೊಸ ಪಾತ್ರೆಯಲ್ಲಿ. ಈಗ ಅವರ ಮೆಸ್ಸು ಇರುವ ಯಾವ ಸೆಟ್ಟಿಗೆ ಹೋದರೂ ನನ್ನ ಮುದ್ದೆಗೆ ಬೇರೆ ಪಾತ್ರೆ, ಬೇರೆ ಕೋಲು, ಸಾರಿಗೆ ಬೇರೆ ಸೌಟು. ಇಂಗಿಲ್ಲದ ಒಗ್ಗರಣೆ. ಹುಡುಗರು ಕೇಳಿದರೆ "ಅದು ಹೀರೋ ಊಟ ಕಣ್ರಲಾ, ಮುಟ್ಟಬ್ಯಾಡಿ" ಅನ್ನುತ್ತಾರೆ.

ಇಷ್ಟೆಲ್ಲ ಈಗ ಯಾಕೆ ಬರೆದೆ ಅಂದರೆ, ನನ್ನ ತಂಗಿ. ಹತ್ತೊಂಬತ್ತು ವರ್ಷ, ನೋಡಿದರೆ ಹದಿನಾಲ್ಕು ಅನ್ನಬೇಕು. ಮುಖ ಬಿಳಿಚಿಕೊಂಡಿದೆ, ರಕ್ತ ಏರುತ್ತಿಲ್ಲ. ಒಂದೇ ರಕ್ತ ಹಂಚಿಕೊಂಡವರಲ್ಲಿ ಹತ್ತು ಹದಿನೈದು ಮಂದಿಗೆ ಒಬ್ಬರಿಗೆ ಇದು ಇರುತ್ತದೆ. ಪರೀಕ್ಷೆ ಮಾಡಿಸೋಣ ಅಂದರೆ ಅವ್ವ ಎರಡು ವರ್ಷ ಒಪ್ಪಲಿಲ್ಲ. "ಇರೋದೊಂದು ಹೆಣ್ಣು. ಗೋಧಿ ಆಗಕ್ಕಿಲ್ಲ ಅಂತ ಚೀಟಿ ಬರುಸ್ಕಂಡ್ರೆ ಯಾವನ್ಲಾ ಮದುವೆ ಆಯ್ತಾನೆ?" ಕೊನೆಗೆ ತಂಗಿಯೇ ಹಟ ಹಿಡಿದಳು.

ಸೋಮವಾರ ರಕ್ತ ಕೊಡಬೇಕು. ಅಲ್ಲಿಯ ತನಕ ಗೋಧಿ ಬಿಡಲೇಬಾರದು, ಬಿಟ್ಟರೆ ಪರೀಕ್ಷೆಯಲ್ಲಿ ಕಳ್ಳ ಸಿಗುವುದಿಲ್ಲ ಅಂತ ಡಾಕ್ಟರು ಹೇಳಿದ್ದಾರೆ. ಅದೇ ನೆಪ ಸಾಕಾಯಿತು. ಮೊನ್ನೆ ಭಾನುವಾರ ಮಂಡ್ಯದಲ್ಲಿ ಮ್ಯಾಟಿನಿಗೆ ಕರೆದುಕೊಂಡು ಹೋಗಿದ್ದೆ. ಇಂಟರ್‌ವೆಲ್ಲಿನಲ್ಲಿ ಎರಡು ಎಗ್ ಪಫ್ಸು, ಒಂದು ಕ್ರೀಂ ಬನ್ನು ತಂದುಕೊಂಡಳು. ನನಗೆ ಹುರಿದ ಕಡಲೇಕಾಯಿ.

"ಅಣ್ಣಾ, ಇದು ನಿಂಗೆ ನೆಪ್ಪೈತಾ, ಹೆಂಗಿರತ್ತೆ ಅಂತ?" ಅಂದಳು, ಪಫ್ಸು ತೋರಿಸಿ.

"ಮರ್ತೋಗೈತೆ. ನೀ ತಿಂದು ಹೇಳು," ಅಂದೆ.

ತಿನ್ನುತ್ತಾ ಒಂದೊಂದೇ ಪದರ ಬಿಡಿಸಿ ಹೇಳತೊಡಗಿದಳು. ಅಷ್ಟರಲ್ಲಿ ದೀಪ ಆರಿತು.