ಕೊಸರಿನ ಲೆಕ್ಕ

ಚಾಮರಾಜಪೇಟೆಯ ತಾಯಿಯೊಬ್ಬರು ಈಚೆಗೆ ನಮ್ಮನ್ನು ಕಾಣಲು ಬಂದಿದ್ದರು. ಪತಿಯನ್ನು ಕಳೆದುಕೊಂಡ ಮೇಲೆ ಮನೆಯಲ್ಲಿಯೇ ಸಾರಿನ ಪುಡಿ, ಹುಳಿಪುಡಿ ಮಾಡಿ ಮಾರುತ್ತ ಇಬ್ಬರು ಮಕ್ಕಳನ್ನು ಓದಿಸುತ್ತಿರುವವರು ಅವರು. ಕೈಯಲ್ಲಿ ಮುದ್ರಣಾಲಯದ ಬಿಲ್ಲು ಇತ್ತು. ವೃತ್ತಪತ್ರಿಕೆಗಳ ನಡುವೆ ಇರಿಸಿ ಹಂಚಲೆಂದು ಬಣ್ಣದ ಕರಪತ್ರಗಳನ್ನು ಅಚ್ಚು ಹಾಕಿಸಿದ್ದರು. "ಸ್ವಾಮಿ, ದುಡ್ಡು ಹೋಯಿತು, ಗಿರಾಕಿ ಬರಲಿಲ್ಲ. ಇನ್ನಷ್ಟು ಸಾಲ ಮಾಡಿ ದೊಡ್ಡ ಬೋರ್ಡು ಹಾಕಿಸಲೇ?" ಎಂದು ಕೇಳಿದರು.

ವ್ಯಾಪಾರದಲ್ಲಿ ನಮಗೆ ಅನುಭವವಿಲ್ಲ. ಆದರೂ ಆ ತಾಯಿಯ ಪ್ರಶ್ನೆಯ ಹಿಂದೆ ಬಹು ಹಳೆಯದೊಂದು ಪ್ರಶ್ನೆಯಿದೆ: ಒಬ್ಬರ ಮಾತನ್ನು ಮತ್ತೊಬ್ಬರು ನಂಬುವುದು ಏತಕ್ಕೆ? ಗ್ರೀಕ್ ದಾರ್ಶನಿಕ ಅರಿಸ್ಟಾಟಲನು ವಾಕ್ಕಲೆಯನ್ನು ಕುರಿತ ತನ್ನ ಗ್ರಂಥದಲ್ಲಿ ಇದನ್ನು ವಿಚಾರಿಸಿ ಮೂರು ಸಾಧನಗಳನ್ನು ಗುರುತಿಸಿದ್ದಾನೆ: ಹೇಳುವವನ ಶೀಲ, ಕೇಳುವವರ ಭಾವನೆ, ಮಾತಿನೊಳಗಿನ ತರ್ಕ. ಇವುಗಳಲ್ಲಿ ಶೀಲವೇ ಹೆಚ್ಚುಕಡಿಮೆ ಎಲ್ಲಕ್ಕಿಂತ ಬಲವಾದುದೆಂಬುದು ಅವನ ಅಭಿಪ್ರಾಯ. ಬಾಗಿಲಿಗೆ ಬಂದು ಬಿದ್ದ ಕರಪತ್ರದ ಹಿಂದೆ ಇರುವವರು ಯಾರು, ಎಂಥವರು ಎಂಬುದು ಓದುವವರಿಗೆ ತಿಳಿಯದು. ಅದು ಕಸದ ಬುಟ್ಟಿ ಸೇರಿದ್ದರಲ್ಲಿ ಆಶ್ಚರ್ಯವೇನಿದೆ?

ಬಸವನಗುಡಿಯ ಕಡಲೆಕಾಯಿ ಪರಿಷೆಯನ್ನು ಕಾಣದ ಬೆಂಗಳೂರಿಗರು ವಿರಳ. ಕಾರ್ತಿಕ ಮಾಸದ ಕಡೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ರಸ್ತೆಯುದ್ದಕ್ಕೂ ರಾಶಿಗಳು. ಮಾರುವವರು ನಾಲ್ಕು ಕಾಯಿ ಕೈಗಿತ್ತು "ತಿಂದು ನೋಡಿ" ಎನ್ನುತ್ತಾರೆ. ಸೇರು ಅಳೆದ ಮೇಲೆ ಒಂದು ಹಿಡಿ ಕೊಸರು ಹಾಕುತ್ತಾರೆ. ಆ ನಾಲ್ಕು ಕಾಯಿ ಮತ್ತು ಆ ಒಂದು ಹಿಡಿ, ಇಷ್ಟೇ ಅವರ ಜಾಹೀರಾತಿನ ವೆಚ್ಚ.

ಅದೇ ಬಸವನಗುಡಿಯಲ್ಲಿ ಕಾಫಿಪುಡಿಯ ಉದ್ಯಮ ನಡೆಸಿದ ಸಾಕಮ್ಮನವರು 'ಕಾಫಿಪುಡಿ ಸಾಕಮ್ಮ' ಎಂದೇ ಪ್ರಸಿದ್ಧರಾದರು. ಸರಕಿನ ಹೆಸರೂ ವ್ಯಕ್ತಿಯ ಹೆಸರೂ ಒಂದಾದವು. ಚಿಕ್ಕ ವಯಸ್ಸಿನಲ್ಲಿಯೇ ವಿಧವೆಯಾದ ಸುಬ್ಬಮ್ಮನವರು ಹಪ್ಪಳ ಮಾಡಿ ಮನೆಮನೆಗೆ ಒಯ್ದು ಮಾರಿದವರು. 1948ರಲ್ಲಿ ಆರಂಭವಾದ ಗಾಂಧಿ ಬಜಾರಿನ ಅವರ ಅಂಗಡಿಯನ್ನು ಜನ ಇಂದಿಗೂ 'ಸುಬ್ಬಮ್ಮನ ಅಂಗಡಿ' ಎಂದೇ ಕರೆಯುತ್ತಾರೆ. ಇಂಥ ಹೆಸರನ್ನು ಯಾವ ಮುದ್ರಣಾಲಯವೂ ಅಚ್ಚು ಹಾಕಿಕೊಡಲಾರದು.

ಕಾಲ ಬದಲಾಗಿದೆ, ನಿಜ. 2020ರ ಅಕ್ಟೋಬರಿನಲ್ಲಿ ಕನಕಪುರ ರಸ್ತೆಯ ಬದಿಯಲ್ಲಿ ಸಸಿ ಮಾರುತ್ತಿದ್ದ ವೃದ್ಧರೊಬ್ಬರ ಚಿತ್ರ ಮೊಬೈಲಿನಿಂದ ಮೊಬೈಲಿಗೆ ಹರಡಿದಾಗ, ಜನ ಸಸಿ ಕೊಳ್ಳಲು ಬಂದರು. ಬಿಸಿಲಿಗೆ ಕೊಡೆ, ಕೂರಲು ಕುರ್ಚಿಯನ್ನೂ ತಂದರು. ಆ ಚಿತ್ರಕ್ಕಾಗಿ ಅವರು ಕಾಸು ವ್ಯಯಿಸಿರಲಿಲ್ಲ. ಆದರೆ ಅಂಥ ಭಾಗ್ಯವನ್ನು ನೆಚ್ಚಿ ಸಂಸಾರ ನಡೆಸಲಾಗದು. ಕನಿಕರ ಗಿರಾಕಿಯನ್ನು ಒಮ್ಮೆ ಕರೆತಂದೀತು. ಎರಡನೆಯ ಸಲ ಕರೆತರಬೇಕಾದದ್ದು ಸರಕೇ.

ಆದುದರಿಂದ ಸಾಲ ಬೇಡವೆಂದೇ ಆ ತಾಯಿಗೆ ಹೇಳಿದೆವು. ಕರಪತ್ರಕ್ಕೆ ಸುರಿಯುವ ಹಣದಲ್ಲಿ ಸಣ್ಣ ಪೊಟ್ಟಣಗಳನ್ನು ಕಟ್ಟಿ ಅಕ್ಕಪಕ್ಕದ ಮನೆಗಳಿಗೆ ರುಚಿ ನೋಡಲು ಕೊಡಬಹುದು. ಪೊಟ್ಟಣದ ಮೇಲೆ ತಯಾರಿಸಿದ ದಿನಾಂಕ, ತೂಕ, ಬೆಲೆ, ಆಹಾರ ಸುರಕ್ಷತಾ ನೋಂದಣಿ ಸಂಖ್ಯೆ, ದೂರವಾಣಿ ಸಂಖ್ಯೆ ಸ್ಪಷ್ಟವಾಗಿರಲಿ. ಗೂಗಲ್ ನಕ್ಷೆಯಲ್ಲಿ ಅಂಗಡಿಯ ಹೆಸರು ಸೇರಿಸುವುದಕ್ಕೆ ಶುಲ್ಕವಿಲ್ಲ. 2018ರಲ್ಲಿ ಬಂದ ವಾಟ್ಸ್ಯಾಪ್ ಬಿಸಿನೆಸ್ಸಿನಲ್ಲಿ ಸರಕಿನ ಚಿತ್ರ, ಬೆಲೆಗಳನ್ನು ಪುಕ್ಕಟೆಯಾಗಿ ತೋರಿಸಬಹುದು. ಇವೆಲ್ಲವನ್ನೂ ಮಕ್ಕಳು ಒಂದು ಸಂಜೆಯಲ್ಲಿ ಮಾಡಿಕೊಟ್ಟಾರು.

ತಾಯಿ ಎಲ್ಲವನ್ನೂ ಕೇಳಿಕೊಂಡು, "ಬಾಯಿಂದ ಬಾಯಿಗೆ ಹೋಗುವುದಕ್ಕೆ ಕಾಲ ಬೇಕು ಸ್ವಾಮಿ. ಮನೆ ಬಾಡಿಗೆ ಕಾಯುವುದಿಲ್ಲವಲ್ಲ" ಎಂದರು. ನಮಗೆ ಉತ್ತರ ಹೊಳೆಯಲಿಲ್ಲ. ಅಂದು ಮಧ್ಯಾಹ್ನ ಊಟಕ್ಕೆ ಕುಳಿತಾಗ ನೆನಪಾಯಿತು: ನಮ್ಮ ಅಡುಗೆಮನೆಯಲ್ಲಿ ವರ್ಷದಿಂದ ಬಳಸುತ್ತಿರುವುದು ಅವರದೇ ಸಾರಿನ ಪುಡಿ. ಚೆನ್ನಾಗಿದೆಯೆಂದು ದಿನವೂ ಉಂಡಿದ್ದೇವೆ. ಆ ಮಾತನ್ನು ಒಬ್ಬರಿಗೂ ಹೇಳಿರಲಿಲ್ಲ.

ಬೆಲೆ ಕೊಟ್ಟ ಮಾತ್ರಕ್ಕೆ ಕೊಳ್ಳುವವರ ಋಣ ತೀರುವುದಿಲ್ಲ. ಸಣ್ಣ ವ್ಯಾಪಾರಿ ನಮಗೆ ಕೊಸರು ಹಾಕುತ್ತಾನೆ. ನಾವು ಹಿಂದಕ್ಕೆ ಹಾಕಬೇಕಾದ ಕೊಸರೂ ಒಂದಿದೆ. ಸರಕಿನಲ್ಲಿ ದೋಷ ಕಂಡರೆ ಅದನ್ನು ಮಾಡಿದವರಿಗೇ ಹೇಳೋಣ. ಗುಣ ಕಂಡರೆ ನೆರೆಮನೆಗೆ ಹೇಳೋಣ. ಹಣವನ್ನು ಅಂದೇ ಕೊಡೋಣ. ಬಾಡಿಗೆಯ ದಿನ ಹತ್ತಿರವಾಗುತ್ತಿರುವ ಮನೆಗಳು ನಮ್ಮ ಬೀದಿಗಳಲ್ಲಿ ಇನ್ನೂ ಹಲವಿವೆ.