ವಾರಕ್ಕೊಂದು ಸೂಜಿ, ದಿನವೂ ಎಚ್ಚರ

ತೂಕ ಇಳಿಸುವ ಮದ್ದು ಎಂದರೆ ಹಿಂದೆಲ್ಲ ಜಾಹೀರಾತಿನ ಪುಡಿ, ಕಷಾಯಗಳ ಮಾತಾಗಿತ್ತು. ಈಗ ವೈದ್ಯರೇ ಬರೆದುಕೊಡುವ, ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಇಂಜೆಕ್ಷನ್ ಪೆನ್‌ಗಳು ಬಂದಿವೆ. ಟಿರ್ಜೆಪಟೈಡ್ ಇರುವ ಮೌಂಜಾರೊ 2025ರ ಮಾರ್ಚ್‌ನಲ್ಲಿ, ಸೆಮಾಗ್ಲುಟೈಡ್ ಇರುವ ವೆಗೋವಿ ಅದೇ ವರ್ಷದ ಜೂನ್‌ನಲ್ಲಿ ಭಾರತದ ಮಾರುಕಟ್ಟೆಗೆ ಬಂದವು. ವೈದ್ಯರು ಚೀಟಿ ಬರೆದ ಮೇಲೆ ಔಷಧವನ್ನು ಕಾಪಾಡುವುದು, ಚುಚ್ಚಿಕೊಳ್ಳುವುದು, ಅಡ್ಡ ಪರಿಣಾಮ ಗಮನಿಸುವುದು ಎಲ್ಲವೂ ಮನೆಯಲ್ಲೇ. ಆದ್ದರಿಂದ ಮನೆಯವರೆಲ್ಲರೂ ಕೆಲವು ಸಂಗತಿಗಳನ್ನು ತಿಳಿದಿರಬೇಕು.

ನಾವು ಉಂಡಾಗ ಕರುಳಿನಲ್ಲಿ ಜಿಎಲ್‌ಪಿ-1 ಎಂಬ ಹಾರ್ಮೋನು ಉತ್ಪತ್ತಿಯಾಗುತ್ತದೆ. 'ಹೊಟ್ಟೆ ತುಂಬಿತು' ಎಂದು ಮೆದುಳಿಗೆ ತಿಳಿಸುವುದು, ಜಠರದಿಂದ ಆಹಾರ ನಿಧಾನವಾಗಿ ಕೆಳಗಿಳಿಯುವಂತೆ ಮಾಡುವುದು ಅದರ ಕೆಲಸ. ಈ ಔಷಧಗಳು ಅದನ್ನೇ ಅನುಕರಿಸುತ್ತವೆ. ಹಸಿವು ತಗ್ಗುವುದೂ ಇದರಿಂದಲೇ, ವಾಕರಿಕೆ, ವಾಂತಿ, ಭೇದಿ, ಮಲಬದ್ಧತೆ ಕಾಡುವುದೂ ಇದರಿಂದಲೇ.

ಡೋಸ್ ಏರಿಸಲು ಆತುರ ಬೇಡ

ಸೆಮಾಗ್ಲುಟೈಡ್ ಅನ್ನು ಸಾಮಾನ್ಯವಾಗಿ ವಾರಕ್ಕೆ 0.25 ಮಿಲಿಗ್ರಾಂ, ಟಿರ್ಜೆಪಟೈಡ್ ಅನ್ನು 2.5 ಮಿಲಿಗ್ರಾಂನಿಂದ ಆರಂಭಿಸುತ್ತಾರೆ. ನಾಲ್ಕು ವಾರ ಕಳೆದ ಮೇಲಷ್ಟೇ ಮುಂದಿನ ಮೆಟ್ಟಿಲು. ಈ ಮೊದಲ ಡೋಸ್ ಇರುವುದು ದೇಹಕ್ಕೆ ಔಷಧ ಒಗ್ಗಲೆಂದು. ಮೊದಲ ತಿಂಗಳು ತೂಕ ಇಳಿಯಲಿಲ್ಲವೆಂದೋ, ಮನೆಯಲ್ಲಿ ಮದುವೆ ಹತ್ತಿರ ಬಂತೆಂದೋ ನೀವೇ ಡೋಸ್ ಏರಿಸಿದರೆ ವಾಂತಿಯಿಂದ ಆಸ್ಪತ್ರೆ ಸೇರಬೇಕಾದೀತು.

ವಾರದಲ್ಲಿ ಒಂದು ದಿನ ನಿಗದಿ ಮಾಡಿ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಮರೆತರೆ, ಮೌಂಜಾರೊ ಆದರೆ ನಾಲ್ಕು ದಿನದೊಳಗೆ ತೆಗೆದುಕೊಳ್ಳಬಹುದು. ವೆಗೋವಿಯಾದರೆ ಮುಂದಿನ ಡೋಸ್‌ಗೆ ಎರಡು ದಿನಕ್ಕಿಂತ ಹೆಚ್ಚು ಸಮಯ ಉಳಿದಿರಬೇಕು. ಇಲ್ಲವಾದರೆ ಆ ವಾರದ್ದು ಬಿಟ್ಟುಬಿಡಿ. ಎರಡು ಡೋಸ್ ಒಟ್ಟಿಗೆ ಬೇಡವೇ ಬೇಡ.

ಹೊಟ್ಟೆ, ತೊಡೆ ಅಥವಾ ಮೇಲ್ತೋಳಿನಲ್ಲಿ ಚುಚ್ಚಿಕೊಳ್ಳಿ. ಪ್ರತಿ ವಾರ ಜಾಗ ಬದಲಿಸಿ. ಸೂಜಿ ಬದಲಿಸುವ ಪೆನ್ ಆದರೆ ಪ್ರತಿ ಸಲವೂ ಹೊಸ ಸೂಜಿ ಹಾಕಿ. ಅಕ್ಕನ ಪೆನ್ ತಂಗಿಗೆ, ಗಂಡನದು ಹೆಂಡತಿಗೆ ಸಲ್ಲದು. ಸೂಜಿ ಬದಲಿಸಿದರೂ ಪೆನ್ನಿನ ಮೂಲಕ ರಕ್ತದ ಸೋಂಕು ಹರಡಬಹುದು.

ಫ್ರಿಜ್ ಮತ್ತು ಸೂಜಿಯ ಕಸ

ಬಳಸದ ಪೆನ್ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಫ್ರೀಜರ್‌ನಲ್ಲಾಗಲಿ ಅದಕ್ಕೆ ತಾಗಿಕೊಂಡಾಗಲಿ ಇಡಬೇಡಿ. ಒಮ್ಮೆ ಹೆಪ್ಪುಗಟ್ಟಿದ ಔಷಧ ಕರಗಿದರೂ ಪ್ರಯೋಜನವಿಲ್ಲ, ಎಸೆಯಬೇಕು. ಒಂದೆರಡು ಗಂಟೆ ಕರೆಂಟ್ ಹೋದರೆ ಗಾಬರಿ ಬೇಡ. 30 ಡಿಗ್ರಿ ಮೀರದಿದ್ದರೆ ಹೊರಗೆ ಎಷ್ಟು ದಿನ ಇಡಬಹುದೆಂದು ಪೊಟ್ಟಣದೊಳಗಿನ ಚೀಟಿಯಲ್ಲಿ ಬರೆದಿರುತ್ತದೆ. ಗಲ್ಫ್‌ನಿಂದ ಬರುವವರ ಕೈಯಲ್ಲಿ ತರಿಸಿಕೊಂಡ ಪೆನ್ ದಾರಿಯಲ್ಲಿ ಬಿಸಿಯಾಗಿತ್ತೋ ಹೆಪ್ಪುಗಟ್ಟಿತ್ತೋ ನಿಮಗೆ ತಿಳಿಯದು. ನಿಮ್ಮ ವೈದ್ಯರ ಚೀಟಿ ತೋರಿಸಿ ನಂಬಿಕೆಯ ಅಂಗಡಿಯಲ್ಲೇ ಕೊಂಡು, ಬಿಲ್ ಇಟ್ಟುಕೊಳ್ಳಿ.

ಬಳಸಿದ ಸೂಜಿಯನ್ನು ಮುಚ್ಚಳವಿರುವ ಗಟ್ಟಿ ಪ್ಲಾಸ್ಟಿಕ್ ಡಬ್ಬದಲ್ಲಿ ಮಕ್ಕಳ ಕೈಗೆ ಸಿಗದಂತೆ ಇಡಿ. ಕಸ ಎತ್ತುವವರ ಕೈಗೆ ಚುಚ್ಚುವ ಹಾಗೆ ಬಿಡಿಯಾಗಿ ಎಸೆಯಬೇಡಿ.

ಕಡಿಮೆ ಉಣ್ಣಿ, ಉಣ್ಣದೇ ಇರಬೇಡಿ

ತೂಕ ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುಗಳೂ ಕರಗುತ್ತವೆ. ಹಸಿವಿಲ್ಲವೆಂದು ಬರೀ ಚಹಾ-ಬಿಸ್ಕತ್ತಿನಲ್ಲಿ ದಿನ ಕಳೆಯಬೇಡಿ. ಮೊಟ್ಟೆ, ಮೀನು, ಬೇಳೆ, ಮೊಸರು ದಿನವೂ ಇರಲಿ. ನಡಿಗೆ ತಪ್ಪಿಸಬೇಡಿ. ಸ್ವಲ್ಪ ಸ್ವಲ್ಪವಾಗಿ ಉಣ್ಣಿ. ಹೊಟ್ಟೆ ತುಂಬಿತು ಅನಿಸಿದ ಕೂಡಲೇ ನಿಲ್ಲಿಸಿ. ಕರಿದ, ಜಿಡ್ಡಿನ ತಿಂಡಿಯಿಂದ ವಾಕರಿಕೆ ಹೆಚ್ಚುತ್ತದೆ. ಮದುವೆ ಮನೆಯಲ್ಲಿ 'ಇನ್ನೊಂದು ಸ್ವಲ್ಪ ಬಿರಿಯಾನಿ' ಎಂದು ಒತ್ತಾಯಿಸುವ ಬಂಧುಗಳೂ ಇದನ್ನು ಅರಿತರೆ ಒಳ್ಳೆಯದು.

ರಮಝಾನ್‌ನಲ್ಲಿ

ರಮಝಾನ್ ತಿಂಗಳಲ್ಲಿ ಈ ಔಷಧ ಹೊಸದಾಗಿ ಆರಂಭಿಸುವುದಾಗಲಿ ಡೋಸ್ ಏರಿಸುವುದಾಗಲಿ ಬೇಡ. ಹಗಲಿಡೀ ನೀರಿಲ್ಲದಾಗ ವಾಂತಿ-ಭೇದಿಯಾದರೆ ನಿರ್ಜಲೀಕರಣದಿಂದ ಮೂತ್ರಪಿಂಡಕ್ಕೆ ಪೆಟ್ಟಾಗುತ್ತದೆ. ಉಪವಾಸಕ್ಕೆ ಒಂದು ತಿಂಗಳಾದರೂ ಮೊದಲು ವೈದ್ಯರನ್ನು ಕಂಡು ಮಾತಾಡಿ.

ಪೋಷಣೆ ನೀಡದ ಇಂಜೆಕ್ಷನ್‌ನಿಂದ ಉಪವಾಸ ಭಂಗವಾಗುವುದಿಲ್ಲವೆಂದು ಇಂದಿನ ಹಲವು ವಿದ್ವಾಂಸರು ಹೇಳಿದ್ದಾರೆ. ಆದರೂ ವಾರದ ಈ ಸೂಜಿಗೆ ಹೊತ್ತಿನ ಕಟ್ಟುಪಾಡಿಲ್ಲ. ಇಫ್ತಾರ್ ನಂತರ ತೆಗೆದುಕೊಂಡರೆ ಸಂಶಯಕ್ಕೇ ಎಡೆಯಿಲ್ಲ. ಖರ್ಜೂರ, ನೀರಿನಿಂದ ಉಪವಾಸ ತೊರೆದು, ನಮಾಝ್ ಮುಗಿಸಿ ನಿಧಾನವಾಗಿ ಉಣ್ಣಿ. ಇಫ್ತಾರ್‌ನಿಂದ ಸಹ್ರಿಯವರೆಗೆ ಆಗಾಗ ನೀರು ಕುಡಿಯಿರಿ. ಸಹ್ರಿ ಬಿಡಬೇಡಿ.

ಜೊತೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ ಅಂಶ ತೀರಾ ಕುಸಿಯುವ ಅಪಾಯವಿದೆ. ಅವುಗಳ ಪ್ರಮಾಣ ತಗ್ಗಿಸಬೇಕೇ ಎಂದು ಮೊದಲೇ ಕೇಳಿ. ಉಪವಾಸದಲ್ಲಿ ಸಕ್ಕರೆ 70ಕ್ಕಿಂತ ಕೆಳಗಿಳಿದರೆ, ಅಥವಾ ವಾಂತಿ ನಿಲ್ಲದಿದ್ದರೆ, ಉಪವಾಸ ತೊರೆಯಿರಿ. ರೋಗಿಯು ಬೇರೆ ದಿನಗಳಲ್ಲಿ ಅದನ್ನು ಪೂರ್ತಿಗೊಳಿಸಲು ಕುರ್‌ಆನ್ ಅನುಮತಿ ನೀಡಿದೆ.

ವೈದ್ಯರಿಂದ ಮುಚ್ಚಿಡಬೇಡಿ

ಗರ್ಭಿಣಿಯರಿಗೆ ಈ ಔಷಧ ಸಲ್ಲದು. ಮಗುವಿನ ಯೋಚನೆಯಿದ್ದರೆ ಸೆಮಾಗ್ಲುಟೈಡ್ ಅನ್ನು ಎರಡು ತಿಂಗಳ ಮುಂಚೆಯೇ ನಿಲ್ಲಿಸಬೇಕು. ಟಿರ್ಜೆಪಟೈಡ್‌ನಿಂದ ಗರ್ಭನಿರೋಧಕ ಮಾತ್ರೆಯ ಪರಿಣಾಮ ತಗ್ಗಬಹುದು. ಆರಂಭಿಸಿದಾಗ ಮತ್ತು ಪ್ರತಿ ಸಲ ಡೋಸ್ ಏರಿಸಿದಾಗ ನಾಲ್ಕು ವಾರ ಬೇರೆ ವಿಧಾನವೂ ಇರಲಿ. ಕುಟುಂಬದಲ್ಲಿ ಯಾರಿಗಾದರೂ ಥೈರಾಯ್ಡ್ ಕ್ಯಾನ್ಸರ್ ಆಗಿದ್ದರೆ, ನಿಮಗೆ ಹಿಂದೆ ಪಿತ್ತಕೋಶದ ಕಲ್ಲು ಅಥವಾ ಮೇದೋಜೀರಕ ಗ್ರಂಥಿಯ ಉರಿಯೂತ ಬಂದಿದ್ದರೆ ತಿಳಿಸಿ. ಶಸ್ತ್ರಚಿಕಿತ್ಸೆಯಿದ್ದರೆ ಅರಿವಳಿಕೆ ವೈದ್ಯರಿಗೂ ಹೇಳಿ. ಜಠರದಲ್ಲಿ ಆಹಾರ ಉಳಿದಿದ್ದರೆ ಅದು ಶ್ವಾಸಕೋಶಕ್ಕೆ ಹೋಗುವ ಭಯವಿದೆ.

ಇವು ಕಂಡರೆ ಕಾಯಬೇಡಿ:

• ಹೊಟ್ಟೆಯ ಮೇಲ್ಭಾಗದಲ್ಲಿ ನಿಲ್ಲದ ತೀವ್ರ ನೋವು, ಅದು ಬೆನ್ನಿಗೆ ಹರಡುವುದು
• ಕಣ್ಣು ಹಳದಿಯಾಗುವುದು, ಜ್ವರ
• ನೀರೂ ನಿಲ್ಲದಂಥ ವಾಂತಿ, ಮೂತ್ರ ಕಡಿಮೆಯಾಗುವುದು
• ಮುಖ, ಗಂಟಲು ಊದುವುದು, ಉಸಿರಾಟದ ತೊಂದರೆ
• ದೃಷ್ಟಿ ಇದ್ದಕ್ಕಿದ್ದಂತೆ ಮಂಜಾಗುವುದು

ಔಷಧ ನಿಲ್ಲಿಸಿದರೆ ಹಲವರಲ್ಲಿ ತೂಕ ಮರಳಿ ಏರುತ್ತದೆ. ಖರ್ಚು ಭಾರವಾದರೆ ಡೋಸ್ ಅಂತರ ನೀವೇ ಹೆಚ್ಚಿಸದೆ, ವೈದ್ಯರೊಂದಿಗೆ ಮುಕ್ತವಾಗಿ ಮಾತಾಡಿ. ನಾಚಿಕೆಪಟ್ಟು ಮನೆಯವರಿಗೆ ತಿಳಿಯದಂತೆ ಚುಚ್ಚಿಕೊಳ್ಳುವವರೂ ಇದ್ದಾರೆ. ಆದರೆ ಇರುಳಲ್ಲಿ ನೋವು ಬಂದಾಗ ಆಸ್ಪತ್ರೆಗೆ ಕರೆದೊಯ್ಯುವವರು ಅವರೇ. ಯಾವ ಔಷಧ, ಎಷ್ಟು ಡೋಸ್, ಕೊನೆಯ ಸಲ ಯಾವಾಗ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಇಂದೇ ಅಂಟಿಸಿಡಿ.