ನಿಮಗಿದು ಗೊತ್ತೆ? ಬೆಳಗನ್ನೂ ಸಂಜೆಯನ್ನೂ ಬೇರ್ಪಡಿಸುವ ಸ್ವರ

ಹಿಂದೂಸ್ತಾನಿ ಸಂಗೀತ ಪರಂಪರೆಯು ಹಗಲು ರಾತ್ರಿಗಳನ್ನು ತಲಾ 3 ಗಂಟೆಯ 8 ಪ್ರಹರಗಳಾಗಿ ವಿಂಗಡಿಸಿ, ಬಹುತೇಕ ರಾಗಗಳಿಗೆ ಅವುಗಳ ಭಾವಕ್ಕೊಪ್ಪುವ ವೇಳೆಯನ್ನು ಗೊತ್ತುಪಡಿಸಿದೆ. ಈ ರೂಢಿಯನ್ನು ಸ್ವರಗಳ ಆಧಾರದ ಮೇಲೆ ಸೂತ್ರೀಕರಿಸಿದವರು ಪಂಡಿತ ವಿಷ್ಣು ನಾರಾಯಣ ಭಾತಖಂಡೆ (1860–1936). ಅವರ ವಿವರಣೆಯಂತೆ, ರಿಷಭವು ಕೋಮಲವಾಗಿ, ಅಂದರೆ ತನ್ನ ಶುದ್ಧ ಸ್ಥಾನಕ್ಕಿಂತ ತಗ್ಗಿ, ಗಾಂಧಾರವು ಶುದ್ಧವಾಗಿಯೇ ಉಳಿಯುವ ರಾಗಗಳು 'ಸಂಧಿಪ್ರಕಾಶ' ರಾಗಗಳೆನಿಸುತ್ತವೆ. ಕತ್ತಲೆ ಬೆಳಕು ಕೂಡುವ ಸೂರ್ಯೋದಯ ಮತ್ತು ಸೂರ್ಯಾಸ್ತಗಳೇ ಇವುಗಳ ಹೊತ್ತು. ಆ ಎರಡರಲ್ಲಿ ಯಾವುದು ಎಂಬುದನ್ನು ಮುಖ್ಯವಾಗಿ ಸೂಚಿಸುವುದು ಮಧ್ಯಮ. ಆದ್ದರಿಂದಲೇ ಅದಕ್ಕೆ 'ಅಧ್ವದರ್ಶಕ', ಎಂದರೆ ದಾರಿ ತೋರುವ ಸ್ವರ, ಎಂಬ ಹೆಸರು.

ಮುಂಜಾನೆಯ ಭೈರವ ರಾಗದಲ್ಲಿ ರಿಷಭ, ಧೈವತಗಳು ಕೋಮಲ, ಮಧ್ಯಮ ಶುದ್ಧ. ಆ ಕೋಮಲ ಸ್ವರಗಳನ್ನು ನಿಧಾನವಾಗಿ ತೂಗುವ ಆಂದೋಲನದಿಂದ ರಾಗಕ್ಕೆ ಗಂಭೀರವಾದ ಶಾಂತಿ ಒದಗುತ್ತದೆ. ಉಳಿದ ಸ್ವರಗಳನ್ನು ಹಾಗೆಯೇ ಇರಿಸಿ, ಮಧ್ಯಮವೊಂದನ್ನು ಅರ್ಧ ಸ್ವರದಷ್ಟು ಏರಿಸಿ ತೀವ್ರವಾಗಿಸಿದರೆ ದೊರೆಯುವ ಸ್ವರಸಮೂಹವು ಮುಸ್ಸಂಜೆಯ ಪೂರಿಯಾ ಧನಾಶ್ರೀಯದು, ಅದರ ಭಾವವೋ ತೀರದ ಹಂಬಲ. ಇಷ್ಟು ಕಿರಿದಾದ ಅಂತರವು ಇಷ್ಟೊಂದು ದೊಡ್ಡ ಭಾವಪಲ್ಲಟವನ್ನು ತರುವುದು ಭಾರತೀಯ ಸಂಗೀತದ ಅತ್ಯಂತ ಸುಂದರ ಸೋಜಿಗಗಳಲ್ಲೊಂದು.

ಕರ್ನಾಟಕ ಸಂಗೀತದಲ್ಲಿ ಭೂಪಾಳವು ಬೆಳಗಿಗೆ, ನೀಲಾಂಬರಿಯು ಜೋಗುಳಕ್ಕೆ ಸಲ್ಲುತ್ತದೆಯಾದರೂ ವೇಳೆಯ ಕಟ್ಟುಪಾಡು ಅಷ್ಟು ಬಿಗಿಯಾಗಿಲ್ಲ. ಭೈರವದ ಸ್ವರಗಳನ್ನೇ ಉಳ್ಳ ಮಾಯಾಮಾಳವಗೌಳದಲ್ಲಿ ಅಲ್ಲಿನ ಮಕ್ಕಳು ಸರಳೆ ವರಸೆಯ ಮೊದಲ ಪಾಠವನ್ನು ಯಾವ ಹೊತ್ತಿನಲ್ಲಾದರೂ ಕಲಿಯುತ್ತಾರೆ.